ಕೌದಿ ಕಟ್ಟಿದ ಕಿಟಕಿ

1860 ಅಕ್ಟೋಬರ್ 12, ಶುಕ್ರವಾರ. ಓಹಾಯೊ.

ಆ ಊಳು ಇನ್ನೂ ಕಿವಿಯಿಂದ ಹೋಗಿಲ್ಲ.

ದಡಾರ ಎದ್ದಿರುವ ಮಗಳು ಲವೀನಾಳ ಕಣ್ಣಿಗೆ ಬೆಳಕು ಸೋಕಬಾರದೆಂದು ಡಾಕ್ಟರು ಹೇಳಿದ್ದರಿಂದ ಕಿಟಕಿಗಳಿಗೆಲ್ಲ ಕೌದಿ ಕಟ್ಟಿದ್ದೆ. ಇವತ್ತೇ ಚುನಾವಣೆಗೆಂದು ನಮ್ಮ ಪಕ್ಷದ ಪಂಜಿನ ಮೆರವಣಿಗೆ. ಬೀದಿಯ ಪ್ರತಿ ಕಿಟಕಿಯಲ್ಲೂ ಮೇಣದಬತ್ತಿ; ಹಚ್ಚದವರು ಎದುರು ಪಕ್ಷದವರೆಂದೇ ಲೆಕ್ಕ. ನನ್ನ ಗಂಡ ಆರಿನ್ ಮೇಣಗಪ್ಪಡದ ಮೇಲಂಗಿ ತೊಟ್ಟು, ಪಂಜು ಹಿಡಿದು ಹೊರಡುವಾಗ, "ಮಗು ವಿಷ್ಯ ಮೆರವಣಿಗೆ ಕ್ಯಾಪ್ಟನ್‌ಗೆ ಹೇಳಿರ್ತೀನಿ, ನೀನು ಯೋಚ್ನೆ ಮಾಡ್ಬೇಡ" ಅಂದಿದ್ದ.

ಮೆರವಣಿಗೆ ನಮ್ಮ ಬಾಗಿಲಿಗೇ ಬಂದು ನಿಂತಿತು. "ದ್ರೋಹಿ ಮನೆ ಕಣ್ರೋ! ಮೂರು ಸಲ ಊಳಿಡ್ರೋ!" ಎಂದು ಯಾರೋ ಅರಚಿದರು. ಮೂರು ಸಲವೂ ಕಿಟಕಿಯ ಗಾಜು ನಡುಗಿತು. ಲವೀನಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮುಖದ ತುಂಬ ಎಣ್ಣೆಮಸಿ ಮೆತ್ತಿಕೊಂಡು ಬಂದ ಆರಿನ್ ಬೂಟು ಬಿಚ್ಚುತ್ತ, "ಕ್ಯಾಪ್ಟನ್‌ಗೆ ಹೇಳೋಕಾಗ್ಲಿಲ್ಲ ಕಣೆ, ನಾನು ಹಿಂದಿನ ಸಾಲಲ್ಲಿದ್ದೆ. ಆದ್ರೆ ದೇವ್ರಾಣೆ, ನಾನು ಬಾಯಿ ಬಿಡ್ಲಿಲ್ಲ" ಅಂದ. ನಾನು ಸೂಪು ಬಡಿಸಿದೆ. ಉಂಡು, ಪಕ್ಕದ ಕೋಣೆಯಲ್ಲಿ ಮಲಗಿ ಗೊರಕೆ ಹೊಡೆಯತೊಡಗಿದ.

ಆಮೇಲೆ ಹೊದಿಕೆ ಸರಿಮಾಡುವಾಗ ಕತ್ತಲಲ್ಲಿ ಲವೀನಾ ಕೇಳಿದಳು: "ಅಮ್ಮಾ, ಅಪ್ಪಂಗೆ ನಮ್ಮೇಲೆ ಯಾಕ್ ಕೋಪ? ಎಲ್ರಿಗಿಂತ ಜೋರಾಗಿ ಕೂಗಿದ್ದು ಅಪ್ಪನೇ ಅಲ್ವಾ?"

"ಬೇರೆ ಯಾರೋ ಇರ್ಬೇಕು, ಮಲಗು" ಅಂದೆ.

ಪಕ್ಕದ ಕೋಣೆಯಲ್ಲಿ ಗೊರಕೆ ನಿಂತುಹೋಯಿತು.