ನನ್ನ ರಕ್ತ ಓದಿದ ತಂಗಿಗೆ

ಕೊಚ್ಕೋರ್,
ಅಕ್ಟೋಬರ್ 19

ತಂಗಿ ಬುರುಲ್,

ನೀನು ಚೆನ್ನಾಗಿದ್ದೀಯ ಅಂದುಕೊಳ್ಳುತ್ತೇನೆ. ನಾನಂತೂ ಬದುಕಿದ್ದೇನೆ; ಆ ಸುದ್ದಿ ನಿನಗೆ ಆಗಲೇ ತಲುಪಿರಬೇಕು. ಬರೆಯುವುದು ತಡವಾಯಿತು, ಮನ್ನಿಸು. ನಿನ್ನ ಫೋನು ಬಂದಾಗಲೆಲ್ಲ ಎತ್ತಲು ಮನಸ್ಸಾಗಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತ ಕೂರಬೇಕು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಜುಲೈನಲ್ಲಿ ಕುರಿಗಳನ್ನು ಮೇಲಿನ ಹುಲ್ಲುಗಾವಲಿನಲ್ಲಿ ಬಿಟ್ಟು ಇಳಿದು ಬಂದಾಗ ನನ್ನ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಹಿಂಡುತ್ತಿತ್ತು. ರಜೆಗೆ ಬಂದಿದ್ದ ನೀನು, ನಮ್ಮ ಲ್ಯಾಬಿನಲ್ಲೇ ನೋಡಿಸುತ್ತೇನೆ ಅಂತ ನನ್ನ ರಕ್ತ ತೆಗೆದುಕೊಂಡು ಬಿಷ್ಕೆಕ್‌ಗೆ ಹೋದೆ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರುವ ಒಂದು ಅಂಶವಿದೆಯಂತೆ. ನನ್ನಲ್ಲಿ ಅದು ಏರಿತ್ತು. ಸರಿ. ಆದರೆ ನೀನು ಹೇಳಿದ್ದು ನನಗಲ್ಲ, ನಿನ್ನ ಭಾವನಿಗೆ. ಅವನು ಅವನ ತಾಯಿಗೆ ಹೇಳಿದ. ಅತ್ತೆ ಇಡೀ ಕೊಚ್ಕೋರಿಗೆ ಹೇಳಿದಳು.

ನೆಂಟರು ಬಂದು ತುಂಬಿಕೊಂಡರು. ಕುರಿ ಕಡಿದರು. ಎಲ್ಲರೂ ನನ್ನ ತಟ್ಟೆಗೇ ಕೊಬ್ಬಿನ ತುಂಡು ಹಾಕುವವರು. ತಿಂದ ಮೇಲೆ ನಾನು ಗೋಡೆ ಹಿಡಿದು ನರಳುವವಳು. ಅತ್ತೆ ನನ್ನ ಉಣ್ಣೆಗಂಬಳಿಗಳನ್ನೆಲ್ಲ ಹೊರಗೆ ಹರವಿ, ಒಂದೊಂದನ್ನೂ ತಿರುವಿ ನೋಡುತ್ತಿದ್ದಳು. ಕೊನೆಗೆ ಪಕ್ಕದ ಮನೆಯ ಅಸಿಲ್‌ಕಾನ್ ಕುದುರೆ ಹಾಲಿನ ಕುಮಿಸ್ ತಂದವಳು ನನ್ನ ಕೈ ಹಿಡಿದು, "ಏನಾದ್ರೂ ನೋಯ್ಸಿದ್ರೆ ಮನಸ್ಸಲ್ಲಿ ಇಟ್ಕೊಂಡು ಹೋಗ್ಬೇಡ ಕಣೆ" ಅಂದಳು. ಎಲ್ಲಿಗೆ ಹೋಗಬೇಕು ನಾನು ಅಂತ ಕೇಳಿದೆ. ಪಾಪ, ಬಡಬಡನೆ ಎಲ್ಲ ಹೇಳಿ ಅತ್ತುಬಿಟ್ಟಳು.

ನಿನ್ನ ಭಾವನನ್ನು ಹಿಡಿದು ಕೇಳಿದೆ, ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ ಅಂತ. ತುರ್ದುಬೆಕ್ ನೆಲ ನೋಡುತ್ತ, ಇದಕ್ಕೆ ಮದ್ದಿಲ್ಲ, ಸುಮ್ಮನೆ ಅವಳಿಗೆ ಹಿಂಸೆ ಕೊಡಬೇಡಿ ಅಂತ ಬುರುಲೇ ಹೇಳಿದಳು ಅಂದ. ಮಾರನೆಯ ಬೆಳಿಗ್ಗೆ ವ್ಯಾನು ಹತ್ತಿ ಒಬ್ಬಳೇ ನಿಮ್ಮ ಬಿಷ್ಕೆಕ್‌ಗೆ ಬಂದೆ. ನಿನ್ನ ಮನೆಗೆ ಬರಲಿಲ್ಲ, ಆಸ್ಪತ್ರೆಗೆ ಹೋದೆ.

ಸರ್ಜನ್ ನಸಿಪಾ ಸ್ಕ್ಯಾನ್ ನೋಡಿದಳು. ಪಿತ್ತಕೋಶದ ಕಲ್ಲೊಂದು ಜಾರಿ ನಾಳ ಕಟ್ಟಿಕೊಂಡಿತ್ತು, ಅಷ್ಟೇ. ಪಿತ್ತ ಕಟ್ಟಿದಾಗಲೂ ಆ ಅಂಶ ಏರುತ್ತದೆ. ಕೆಲವರಿಗೆ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಅದೊಂದನ್ನೇ ನಂಬಿ ಯಾರೂ ತೀರ್ಮಾನ ಹೇಳುವುದಿಲ್ಲ ಅಂತ ತಿಳಿಸಿ ಹೇಳಿದಳು. ನೀನು ಹೇಳಿದ್ದನ್ನು ತಿಳಿಸಿದಾಗ, ನನ್ನ ತಂಗಿ ಡಾಕ್ಟರಾ ಅಂತ ಕೇಳಿದಳು.

"ಅಲ್ಲ. ರಕ್ತದ ಟ್ಯೂಬು ಮಿಷಿನ್ನಿಗೆ ಹಾಕ್ತಾಳೆ" ಅಂದೆ.

"ಹಾಗಾದ್ರೆ ಟ್ಯೂಬು ಹಾಕ್ಲಿ. ಸಾವು ಸಾರೋದು ಅವಳ ಕೆಲಸ ಅಲ್ಲ."

ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆದರು. ಕಣ್ಣು ಬೆಳ್ಳಗಾಯಿತು. ಆಮೇಲೆ ಪಿತ್ತಕೋಶವನ್ನೂ ತೆಗೆದು, ರಕ್ತ ಇನ್ನೊಮ್ಮೆ ನೋಡಿದರು. ನೀನು ಹೆದರಿಸಿದ ಆ ಅಂಶ ಎಲ್ಲರಿಗಿರುವ ಮಟ್ಟಕ್ಕೇ ಇಳಿದಿತ್ತು. ಇನ್ನೂ ಒಂದೂವರೆ ತಿಂಗಳು ತಡವಾಗಿದ್ದರೆ ಆ ಕಲ್ಲೇ ನಂಜಾಗಿ ನಿನ್ನ ಮಾತು ನಿಜ ಮಾಡುತ್ತಿತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿದ್ದಳು. "ಬಂದ್ಯಾ?" ಅಂದಳು. ಅವಳ ಹಿಂದೆ ನಾದಿನಿ, ಮೈಮೇಲೆ ನನ್ನ ಚಳಿಗಾಲದ ಕೋಟು. ಅಲ್ಲೇ ಬಿಚ್ಚಿಸಿದೆ. ಗುಂಡಿ ಸಹ ಬದಲಿಸಿಕೊಂಡಿದ್ದಳು ಕಣೆ.

ಈಗ ಹೊಟ್ಟೆ ತುಂಬ ಉಣ್ಣುತ್ತೇನೆ. ತುರ್ದುಬೆಕ್ ನನ್ನ ಎದುರು ಕೂತು ಚಹಾ ಕುಡಿಯುತ್ತಾನೆ, ಮುಖ ಎತ್ತುವುದಿಲ್ಲ.

ದೇವರು ನಿನಗೆ ಗಟ್ಟಿ ಆಯುಸ್ಸು ಕೊಡಲಿ. ನಿನ್ನ ರಕ್ತದಲ್ಲಿ ಏನಾದರೂ ಕಂಡರೆ, ಕಂಡವರು ಮೊದಲು ನಿನಗೇ ಹೇಳಲಿ.

ನಿನ್ನ ಅಕ್ಕ,
ಸೊನುನ್

ಮರೆತ ಮಾತು: ಕೋಟಿನ ಜಗಳದಲ್ಲಿ ಅತ್ತೆ ಬಾಯಿಬಿಟ್ಟಳು. ಆಗಸ್ಟ್‌ನಲ್ಲೇ ನಿನಗೆ ಫೋನು ಮಾಡಿ, ನೀನು ಹೇಗೂ ಗಂಡ ಬಿಟ್ಟವಳು, ಅಕ್ಕ ಹೋದ ಮೇಲೆ ಅವಳ ಜಾಗಕ್ಕೆ ನೀನೇ ಬಂದುಬಿಡು ಅಂತ ಕೇಳಿದ್ದಳಂತೆ. ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ, ಅವಳು ಹಳೇ ಕಾಲದ ಮುದುಕಿ. ನೀನು ಛೀ ಅನ್ನಬಹುದಿತ್ತು. ಫೋನು ಇಟ್ಟುಬಿಡಬಹುದಿತ್ತು. "ಅವಳು ಹೋದ ನಲವತ್ತನೇ ದಿನದ ಊಟ ಮುಗೀಲಿ, ಆಮೇಲೆ ನೋಡೋಣ" ಅಂದೆಯಂತೆ. ನೀವಿಬ್ಬರೂ ಫೋನಿನಲ್ಲಿದ್ದ ಆ ಹೊತ್ತಿಗೆ ನಾನು ಒಳಗೆ ಬೊರ್ಸೊಕ್ ರೊಟ್ಟಿ ಕರಿಯಲು ಹಿಟ್ಟು ನಾದುತ್ತಿದ್ದೆ, ನಿನಗೆ ಕಳಿಸೋಣವೆಂದು.