ಕೇಳಿಸದ ಕೂಗು

ಮಾರ್ಚ್ 4, ಬೆಳಿಗ್ಗೆ

ಲೇಡೀಸ್ ಬ್ಯಾಚ್ ಮುಗಿಯಿತು. ಪೂಲಿನ ಅಂಚಿನ ಕಂಬಿ ಹಿಡಿದು, ಮುಖ ನೀರಲ್ಲಿಟ್ಟು ಕಾಲು ಬಡಿಯಬೇಕು. ಅದು ಬಿಟ್ಟು ಹರಟೆ. ಕಿರುಚಿ ಕಿರುಚಿ ಗಂಟಲು ಹೋಯಿತು. ಒಬ್ಬಳು ಕೇಳುತ್ತಾಳೆ, "ಮೇಡಂ, ನೀವು ದೇಶಕ್ಕೆ ಆಡಿದವರಂತೆ, ಸ್ವಲ್ಪ ನಗಬಾರ್ದಾ?" ಆಡಿದ್ದಲ್ಲ, ಈಜಿದ್ದು. ನಗುವುದಕ್ಕೆ ಇಲ್ಲಿ ಯಾರೂ ಸಂಬಳ ಕೊಡುತ್ತಿಲ್ಲ.

ಮ್ಯಾನೇಜರ್ ಗೇಟಿಗೆ ನನ್ನ ಫೋಟೋ ಹಾಕಿಸುತ್ತಾನಂತೆ. ಕೆಳಗೆ ‘ಸೋಲನ್ನೇ ಸೋಲಿಸಿದ ಛಲಗಾತಿ’. ತಮ್ಮ ಸತ್ತ, ಆಮೇಲೆ ನಾನು ರೇಸಿಗೆ ಇಳಿಯಲೇ ಇಲ್ಲ. ಇದರಲ್ಲಿ ಯಾವ ಸೋಲನ್ನು ಸೋಲಿಸಿದೆ? ತಲೆಯಲ್ಲಿ ಮೆದುಳಿದೆಯೋ ಸಗಣಿಯೋ.

"ಹಾಕಿದ್ರೆ ಹರಿದು ಬಿಸಾಕ್ತೀನಿ" ಅಂದೆ. ಪೆಚ್ಚಾದ. ಆಗಲಿ.

ಮಾರ್ಚ್ 6

ಅಮ್ಮ ಇವತ್ತೂ ತಟ್ಟೆ ಇಟ್ಟು ಎದ್ದು ಹೋದಳು. ಮಾತಿಲ್ಲ. ಇದ್ದರೆ ಅದೇ ಹಳೇ ರಾಗ.

ಆ ದಿನ ನಾನು ಪ್ರಾಕ್ಟೀಸಿಗೆಂದು ಕೆರೆಯಲ್ಲಿ ಈಜುತ್ತಿದ್ದೆ. ಅಮ್ಮ ದಡದಲ್ಲಿ. ತಮ್ಮ ಗುಂಡ ನನ್ನ ಹಿಂದೆಯೇ ನೀರಿಗಿಳಿದ. ಅಕ್ಕನ ಹಾಗೆ ಆಗಬೇಕಿತ್ತು ಅವನಿಗೆ. ಮುಳುಗುವಾಗ "ಅಕ್ಕಾ" ಅಂತ ಕೂಗಿದನಂತೆ.

"ದಡದಲ್ಲಿದ್ದ ನನಗೇ ಕೇಳಿಸ್ತು. ಪಕ್ಕದಲ್ಲಿದ್ದ ನಿನಗೆ ಕೇಳಿಸ್ಲಿಲ್ವಾ?"

ಕೇಳಿಸಲಿಲ್ಲ. ಹೇಳಿ ಹೇಳಿ ನಾಲಿಗೆ ಸವೆಯಿತು. "ಕೇಳಿಸಿರುತ್ತೆ. ರೇಸಿನ ಹುಚ್ಚು, ತಿರುಗಿಲ್ಲ" ಅನ್ನುತ್ತಾಳೆ. ಹೆತ್ತ ತಾಯಿ! ಒಂದೇ ಸೂರಿನಡಿ ಹಾವು ಮುಂಗುಸಿಯಂತೆ ಇದ್ದೇವೆ. ಅವಳನ್ನು ಕಂಡರೆ ಆಗುವುದಿಲ್ಲ ನನಗೆ. ಅವಳು ಒಂದು ಸಲ ನಂಬಿದರೆ ಸಾಕು ಅನ್ನಿಸುತ್ತದೆ, ಅದಕ್ಕೇ ಇನ್ನೂ ಸಿಟ್ಟು.

ಮಾರ್ಚ್ 19

ಅಮ್ಮ ಪೂಲಿಗೆ ಬಂದಳು. ನನ್ನದೇ ಬ್ಯಾಚಿಗೆ ಸೇರಿದ್ದಾಳೆ! ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ.

"ಏನಮ್ಮಾ ಇದು ನಾಟಕ?"

"ಇಲ್ಲಿ ನೀನು ಟೀಚರ್. ಕಲಿಸು."

ಎಲ್ಲರೆದುರು ನನ್ನ ಮಾನ ಕಳೆಯಲು ಬೇಕಂತಲೇ ಬಂದಿದ್ದಾಳೆ. ಹೆಂಗಸರಿಗೋ ಸಂಭ್ರಮ — "ಅಮ್ಮ ಮಗಳು ಎಷ್ಟು ಚೆಂದ!" ಅಯ್ಯೋ ನನ್ನ ಕರ್ಮವೇ.

ಮಾರ್ಚ್ 23

ನೀರು ಕಂಡರೆ ಗಡಗಡ ನಡುಗುತ್ತಾಳೆ. ಆದರೂ ಇಳಿಯುತ್ತಾಳೆ. ನನ್ನ ಮೊಂಡುತನ ಎಲ್ಲಿಂದ ಬಂತು ಅಂತ ಇನ್ನು ಯಾರೂ ಕೇಳುವುದು ಬೇಡ. ನೀರು ಕುಡಿದು ಕೆಮ್ಮಿದಳು. ಬೆನ್ನು ತಟ್ಟಲು ಹೋದರೆ ನನ್ನ ಕೈ ಕೊಡವಿದಳು. ಸರಿ, ಸಾಯಲಿ... ಛೆ. ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ಅಷ್ಟು ಸಿಟ್ಟು ಇರುವುದು ನಿಜ.

ಏಪ್ರಿಲ್ 2

ಕಾಲು ಬಡಿಯಲು ಕಲಿತಳು. ಇವತ್ತು ಬಂದವಳೇ ಕೈ ಚಾಚಿದಳು.

"ನಿನ್ನ ಟೋಪಿ ಕೊಡು. ಕಿವಿಗೆ ತುರುಕ್ಕೊಳ್ತಿದ್ಯಲ್ಲ ಕೆರೇಲಿ, ಆ ಬಿರಡೆ, ಅದೂ ಕೊಡು."

"ಯಾಕೆ?"

"ನಾನು ಮುಖ ಅದ್ದಿ ಕಾಲು ಬಡೀತೀನಿ. ನೀನು ಕೂಗು. ಅವನು ಕೂಗಿದ ಹಾಗೆ, ಅಷ್ಟೇ ಜೋರಾಗಿ."

ಇದಕ್ಕಾ ಇಷ್ಟು ದಿನ ನೀರು ಕುಡಿದದ್ದು! ನನ್ನ ಸುಳ್ಳು ಹಿಡಿಯಲು.

"ಎಷ್ಟು ಜೋರು ಅಂತ ನನಗೇನು ಗೊತ್ತು? ಕೇಳಿಸಿದ್ರೆ ತಾನೆ!"

ಅಮ್ಮ ಟೋಪಿ ಎಳೆದುಕೊಂಡಳು, ಬಿರಡೆ ಒತ್ತಿಕೊಂಡಳು. ಕಂಬಿ ಹಿಡಿದು ಮುಖ ಅದ್ದಿ ಬಡಿದಳು — ರೋಷವೆಲ್ಲ ಕಾಲಿಗೆ ಬಂದಿತ್ತು.

"ಅಕ್ಕಾ" ಅಂದೆ. ಬಾಯಿಂದ ಹೊರಡಲೇ ಇಲ್ಲ. ಅವಳ ಪಕ್ಕಕ್ಕೇ ಹೋಗಿ ಮತ್ತೆ ಕೂಗಿದೆ. "ಅಕ್ಕಾ! ಅಕ್ಕಾ!" ಗಂಟಲು ಹರಿಯುವ ಹಾಗೆ. ಇಡೀ ಬ್ಯಾಚ್ ತಿರುಗಿ ನೋಡಿತು. ಆಫೀಸಿನಿಂದ ಮ್ಯಾನೇಜರ್ ಓಡಿ ಬಂದ.

ಅಮ್ಮ ಏದುಸಿರು ಬಿಡುತ್ತ ತಲೆಯೆತ್ತಿದಳು. ಬಿರಡೆ ಕಿತ್ತು ನನ್ನತ್ತ ಎಸೆದಳು.

"ಕೂಗು ಅಂದ್ರೆ ಯಾಕೆ ಕೂಗ್ಲಿಲ್ಲ?"

ಹೆಂಗಸರೆಲ್ಲ ಬೆಪ್ಪಾಗಿ ಅವಳನ್ನೇ ನೋಡುತ್ತಿದ್ದರು. ಅಮ್ಮ ಒಬ್ಬೊಬ್ಬರ ಮುಖ ನೋಡಿದಳು. ಮ್ಯಾನೇಜರ್ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕಂಬಿ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನಗೆ ಕೇಳಿಸಿರ್ಲಿಲ್ಲ" ಅಂದಳು.