ವಿತೋರಿಯಾದಲ್ಲಿ ಮೀನು ಎಲ್ಲಿ ಉಣ್ಣಬೇಕು

ಫೆಬ್ರುವರಿ 27, ಮಂಗಳವಾರ

ಇವತ್ತು ಎರಡು ಹೋಟೆಲು. ಒಂದರಲ್ಲಿ ಏಡಿ. ಇನ್ನೊಂದರಲ್ಲಿ ಕರಿ ಮಡಕೆಯಲ್ಲಿ ಕೊತಕೊತ ಕುದಿಯುತ್ತ ಬಂದ ಮೊಕೆಕಾ ಎಂಬ ಮೀನಿನ ಸಾರು. ಕೆಂಪು ಬಣ್ಣ ಕಂಡೆ, ಹಬೆ ಮುಖಕ್ಕೆ ಬಡಿಯಿತು. ಅಷ್ಟೇ. ಎರಡು ವರ್ಷದ ಹಿಂದಿನ ಜ್ವರ ಮೂಗನ್ನೂ ನಾಲಗೆಯನ್ನೂ ಕೊಂಡೊಯ್ದ ಮೇಲೆ ಎಲ್ಲವೂ ಬಿಸಿ ಇಲ್ಲವೇ ತಣ್ಣಗೆ, ಮೆತ್ತಗೆ ಇಲ್ಲವೇ ಗಟ್ಟಿ. ಇದು ಗೊತ್ತಿರುವುದು ತಂಗಿ ನೇಯ್ವಾಗೆ ಮಾತ್ರ. ಪಕ್ಕದಲ್ಲಿ ಕೂತು ತಿನ್ನುತ್ತಾಳೆ, ಕಾರಿನಲ್ಲಿ ರುಚಿ ಹೇಳುತ್ತಾಳೆ. ನಾನು ಪತ್ರಿಕೆಗೆ ಹೋಟೆಲು ವಿಮರ್ಶೆ ಬರೆಯುತ್ತೇನೆ. ಪತ್ರಿಕೆಯವರು ಅವಳನ್ನು ನನ್ನ ಡ್ರೈವರ್ ಅಂದುಕೊಂಡಿದ್ದಾರೆ. ತಿದ್ದಿಲ್ಲ.

ಈಸ್ಟರ್ ಮುಂಚಿನ ಪವಿತ್ರ ವಾರಕ್ಕೆ ಮೀನೂಟದ ಹೋಟೆಲುಗಳ ಪಟ್ಟಿ ಮಾರ್ಚ್ ಹದಿನೈದಕ್ಕೆ ಅಚ್ಚಾಗಬೇಕು. ಇಪ್ಪತ್ತೆರಡನೇ ವರ್ಷ...

ಮಾರ್ಚ್ 5

ಕಾಯೇರಸ್ ದಂಡೆ. ದೋನಾ ಒರ್ಮಿಂದಾ ಹೋಟೆಲು. ಎಪ್ಪತ್ತಾರು ವರ್ಷದ ಮುದುಕಿ, ಒಲೆ ಮುಂದೆ ತಾನೇ ನಿಲ್ಲುತ್ತಾಳೆ. ಕೈ ಒರೆಸಿಕೊಳ್ಳುತ್ತ ಬಂದು ಮೇಜಿನ ಪಕ್ಕ ನಿಂತಳು. "ತಿನ್ನಿ ಸಾರ್, ಬೆಳಿಗ್ಗೆ ನಾನೇ ಆರಿಸಿ ತಂದ ಮೀನು."

ಕಾರಿನಲ್ಲಿ ನೇಯ್ವಾ — "ಹಳಸಿದ ಮೀನಣ್ಣ. ಕೊತ್ತಂಬರಿ ಸುರಿದು ಮುಚ್ಚಿದ್ದಾಳೆ."

"ನಿಜವಾಗ್ಲೂ?"

"ನಂಬಿಕೆ ಇಲ್ದಿದ್ರೆ ಬೇರೆ ನಾಲಗೆ ಹುಡುಕ್ಕೋ."

ಟಿಪ್ಪಣಿ ಪುಸ್ತಕ ತೆಗೆದೆ. ಸಾಲು ಆಗಲೇ ಹೊಳೆದಿತ್ತು. 'ದೋನಾ ಒರ್ಮಿಂದಾ ಮೀನನ್ನು ಬೇಯಿಸುವುದಿಲ್ಲ, ಕೊತ್ತಂಬರಿಯಲ್ಲಿ ಹೂಳುತ್ತಾರೆ.' ಓದಿ ಹೇಳಿದೆ. ನೇಯ್ವಾ ನಕ್ಕಳು. "ನಿನ್ ಕೈ ಇನ್ನೂ ಹಂಗೇ ಇದೆ."

ಒಂಬತ್ತು ವರ್ಷದ ಹಿಂದೆ ನೇಯ್ವಾ ನಡೆಸುತ್ತಿದ್ದ ಹೋಟೆಲಿನ ಬಗ್ಗೆಯೂ ಬರೆದಿದ್ದೆ — ನನ್ನ ತಂಗಿಯ ಅಡುಗೆಮನೆಯಲ್ಲಿ ತಿನ್ನಲು ಯೋಗ್ಯವಾದದ್ದು ಮಡಕೆ ಮಾತ್ರ, ಅಂತ. ಮೂರು ತಿಂಗಳಲ್ಲಿ ಬಾಗಿಲು ಮುಚ್ಚಿದಳು. ಅವಳ ಗಂಡ ಜಿಲ್ದಾಸಿಯೊ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ಏನು ಮಾಡಲಿ, ಸಾಲು ಒಳ್ಳೆಯದಿತ್ತು.

ಮಾರ್ಚ್ 15

ಪಟ್ಟಿ ಅಚ್ಚಾಗಿ ಬಂತು. ಫೋನಿಗೆ ಬಿಡುವಿಲ್ಲ. ಒರ್ಮಿಂದಾ ಸಾಲು ಊರಿಗೆಲ್ಲ ಬಾಯಿಪಾಠ. ಸಂಪಾದಕ ಅದೆರ್ಬಾಲ್ — "ಮುದುಕೀನ ಜೀವಂತ ಸುಲಿದ್ಬಿಟ್ರಲ್ರೀ!"

ಖುಷಿಯಾಯಿತು. ಸುಳ್ಳೇಕೆ.

ಮಾರ್ಚ್ 20, ಬುಧವಾರ, ಮಧ್ಯಾಹ್ನ ಮೂರು

ಮುದುಕಿ ಆಫೀಸಿಗೇ ಬಂದಳು. ಕೈಯಲ್ಲಿ ಮಡಕೆ. ಐದು ದಿನದಿಂದ ಒಬ್ಬ ಗಿರಾಕಿ ಇಲ್ಲವಂತೆ. ಅಳಲಿಲ್ಲ. ನನ್ನ ಕಾಗದ ಪಕ್ಕಕ್ಕೆ ತಳ್ಳಿ ಮೇಜಿನ ಮೇಲೆ ಮಡಕೆ ಇಟ್ಟಳು. ಎಲ್ಲರೂ ಸುತ್ತ ನೆರೆದರು.

"ಎಲ್ಲಿ ತಪ್ಪಾಗಿದೆ ಹೇಳ್ಕೊಡಿ ಸಾರ್. ವಯಸ್ಸಾಯ್ತು, ಆದ್ರೂ ಕಲೀತೀನಿ."

ನನ್ನನ್ನು ಕರೆದೊಯ್ಯಲು ಬಂದಿದ್ದ ನೇಯ್ವಾ ಕಡೆ ನೋಡಿದೆ. ಕಿಟಕಿಯಾಚೆ ನೋಡುತ್ತಿದ್ದಳು. ಒಂದು ಚಮಚ ತಿಂದೆ. ಬಿಸಿ. ಮೆತ್ತಗೆ. ಇಷ್ಟು ಜನರ ಮುಂದೆ ಉದಾರಿಯಾಗೋಣ ಅನ್ನಿಸಿತು.

"ಇವತ್ತು ಮೀನು ತಾಜಾ. ಉಪ್ಪು ಹದವಾಗಿದೆ."

"ಇನ್ನೊಂದ್ ಚಮಚ ತಗೊಳ್ಳಿ."

ತಗೊಂಡೆ. "ಚೆನ್ನಾಗಿದೆ," ಎಂದೆ.

ಮುದುಕಿ ಚಮಚವನ್ನು ಅದೆರ್ಬಾಲ್ ಕೈಗೆ ಕೊಟ್ಟಳು. ಬಾಯಿಗಿಟ್ಟವನೇ ಕಸದ ಬುಟ್ಟಿಗೆ ಉಗಿದ. "ಥೂ! ಸಕ್ಕರೆ! ಬರೀ ಸಕ್ಕರೆ!"

"ಅರ್ಧ ಕಿಲೋ," ಎಂದಳು. "ಉಪ್ಪು ಒಂದು ಹರಳೂ ಇಲ್ಲ."

ಯಾರೋ ನಕ್ಕರು. ಆಮೇಲೆ ಎಲ್ಲರೂ.

ನೇಯ್ವಾ ಆಗ ತಿರುಗಿದಳು. "ಇವನಿಗೆ ರುಚಿ ಹೋಗಿ ಎರಡು ವರ್ಷ ಆಯ್ತು. ಬರೀತಿರೋದೆಲ್ಲ ನನ್ ನಾಲಗೆ. ಈ ಅಜ್ಜಿ ಮೀನು ಈ ಊರಲ್ಲೇ ಒಳ್ಳೇದು. ಸುಳ್ಳು ಹೇಳ್ದೋಳೂ ನಾನೇ, ಹೋಗಿ ಅಜ್ಜಿಗೆ ನಿಜ ಹೇಳ್ದೋಳೂ ನಾನೇ."

"ಯಾಕೆ ನೇಯ್ವಾ?"

"ನಿನಗೂ ರುಚಿ ಗೊತ್ತಾಗ್ಲಿ ಅಂತ ಅಣ್ಣ."

ಮುದುಕಿ ಮಡಕೆ ಎತ್ತಿಕೊಂಡಳು. ನನ್ನತ್ತ ನೋಡಲಿಲ್ಲ. ನೇಯ್ವಾಳತ್ತಲೂ ನೋಡಲಿಲ್ಲ.

ಮಾರ್ಚ್ 22

ಪತ್ರಿಕೆಯ ತಪ್ಪೊಪ್ಪಿಗೆ ನಾಲ್ಕು ಸಾಲು. ಅದರ ಕೆಳಗೆ ನನ್ನ ಅಂಕಣದ ಜಾಗದಲ್ಲಿ ನೇಯ್ವಾ ಫೋಟೊ, ಅವಳ ಬರಹ. ಮೊದಲ ವಾಕ್ಯವೇ ನನ್ನ ಮೇಲೆ — 'ಎರಡು ವರ್ಷ ಈ ಊರು ಒಂದು ಖಾಲಿ ಬಾಯಿಯ ಮಾತು ಕೇಳಿ ಊಟಕ್ಕೆ ಹೋಯಿತು.' ಮೂರು ಸಲ ಓದಿದೆ. ಒಂದು ಪದವನ್ನೂ ತೆಗೆಯುವಂತಿಲ್ಲ.

ಮಾರ್ಚ್ 29, ಗುಡ್ ಫ್ರೈಡೇ, ಮಧ್ಯಾಹ್ನ

ವಾರದಿಂದ ಈ ಬಾಗಿಲು ಯಾರೂ ತಟ್ಟಿಲ್ಲ. ಇವತ್ತು ನೇಯ್ವಾ ಬಂದಳು. ಜೊತೆಗೆ ಜಿಲ್ದಾಸಿಯೊ! ಹಬ್ಬದ ತೊರ್ತಾ ಮಾಡಿಕೊಂಡು ಬಂದಿದ್ದಾಳೆ — ಏಡಿ, ಚಿಪ್ಪುಮೀನು, ಮೇಲೆ ಮೊಟ್ಟೆ, ಈರುಳ್ಳಿ ಬಿಲ್ಲೆ. ದೊಡ್ಡ ತುಂಡು ನನಗೆ. ಅವರಿಗೆ ತಟ್ಟೆ ಇಟ್ಟರೆ, "ನಮ್ದು ಮನೇಲೇ ಆಯ್ತು."

ಎದುರು ಕೂತು ನೋಡುತ್ತಿದ್ದರು. ಒಂಬತ್ತು ವರ್ಷದ ಮೇಲೆ ಜಿಲ್ದಾಸಿಯೊ ಬಾಯಿ ಬಿಟ್ಟ — "ಹೆಂಗಿದೆ ಭಾವ?"

"ಚೆನ್ನಾಗಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಕ್ಕದ ಮನೆಯ ಬೆಕ್ಕು ಮೇಜಿನ ಕೆಳಗಿತ್ತು. ಅದಕ್ಕೊಂದು ಚೂರು ಹಾಕಿದೆ. ತಿಪ್ಪೆಯಿಂದ ಮೀನಿನ ತಲೆ ಎಳೆದು ತಿನ್ನುವ ಪ್ರಾಣಿ. ಮೂಸಿತು. ಹಿಂದೆ ಸರಿದು ಕಿಟಕಿ ಹಾರಿ ಹೋಯಿತು. ಅಷ್ಟರಲ್ಲಿ ಅರ್ಧ ತಟ್ಟೆ ಮುಗಿಸಿದ್ದೆ.

ಮಾತ್ರೆ ತರುತ್ತೇನೆಂದು ಒಳಕೋಣೆಗೆ ಬಂದು ಬರೆಯುತ್ತಿದ್ದೇನೆ. ಹೊರಗೆ ಪಿಸುಮಾತು, ನಗು. ಈಗ ಬಾಗಿಲಲ್ಲಿ ನೇಯ್ವಾ. "ಅಣ್ಣಾ, ಆರಿ ಹೋಗ್ತಿದೆ. ಇನ್ನೊಂದ್ ತುಂಡು ಹಾಕ್ಲಾ?"

ಹಾಕು, ಎಂದೆ. ಯಾಕೆ ಹಾಗೆಂದೆನೋ... ಬೇಡವೆಂದರೆ ಎದ್ದು ಹೋಗುತ್ತಾರೆ. ಆಮೇಲೆ ಈ ಮನೆಗೆ ಇನ್ನು ಯಾರು —